ಧಣಿಯ ಕುರ್ಚಿ, ಅಣ್ಣನ ಸೋಫಾ

ಸಿನಿಮಾ ನೋಡುವಾಗ ನೀವೆಲ್ಲ ನಾಯಕಿಯನ್ನು ನೋಡುತ್ತೀರಿ. ನಾನು ಆಕೆ ಕೂತ ಸೋಫಾ ನೋಡುತ್ತೇನೆ. ನಗಬೇಡಿ ಮಾರಾಯರೇ, ಇದೊಂದು ಚಾಳಿ. ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುವವನಿಗೆ ಇಂಥ ಚಾಳಿಗಳು ಒಂದೆರಡಲ್ಲ!

ಎಪ್ಪತ್ತರ ದಶಕದ ಚಿತ್ರಗಳನ್ನು ನೆನಪಿಸಿಕೊಳ್ಳಿ. ಶ್ರೀಮಂತರ ಮನೆ ಎಂದರೆ ನಡುವೆ ವಿಶಾಲವಾದ ಮೆಟ್ಟಿಲು, ಕೆಳಗೆ ದಪ್ಪ ಸೋಫಾ, ಮೂಲೆಯಲ್ಲಿ ಕಪ್ಪು ಟೆಲಿಫೋನು, ಗೋಡೆಯಲ್ಲಿ ಜಿಂಕೆಯ ತಲೆ. ಗೌನು ತೊಟ್ಟ ತಂದೆ ಪೈಪು ಕಚ್ಚಿಕೊಂಡು ಆ ಮೆಟ್ಟಿಲು ಇಳಿದರೆ ಸಾಕು, ನಾಯಕನ ಪ್ರೇಮಕ್ಕೆ ಕಂಟಕ ಬಂತೆಂದೇ ಲೆಕ್ಕ. ಬಡವರ ಮನೆ ಎಂದರೆ ಒಂದು ಹಗ್ಗದ ಮಂಚ, ಒಂದು ಹೊಲಿಗೆ ಯಂತ್ರ, ಕೆಮ್ಮುವ ತಾಯಿ. ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ, ತಮಿಳು, ತೆಲುಗು ಚಿತ್ರಗಳೆಲ್ಲ ತಯಾರಾಗುತ್ತಿದ್ದ ಕಾಲ ಅದು. ನಾಯಕ ಬದಲಾದರೂ, ಭಾಷೆ ಬದಲಾದರೂ ಸೋಫಾ ಮಾತ್ರ ಅದೇ ಇದ್ದಂತೆ ನನ್ನ ಕಣ್ಣಿಗೆ ಕಾಣುತ್ತದೆ.

ಆದರೆ ಕಲಾ ನಿರ್ದೇಶಕರು ದಡ್ಡರಲ್ಲ. ಯಾರು ಎಲ್ಲಿ ಕೂರುತ್ತಾರೆ, ಯಾರು ಎಲ್ಲಿ ನಿಲ್ಲುತ್ತಾರೆ ಎಂದು ತೋರಿಸಿದರೆ ಅರ್ಧ ಕಥೆ ಹೇಳಿದಂತೆ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ತೆಗೆದ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು. ಅದರಲ್ಲಿ ಚೋಮನಿಗೂ ಧಣಿ ಸಂಕಪ್ಪಯ್ಯನಿಗೂ ನಡುವಿನ ದೂರ ತಿಳಿಯಲು ಸಂಭಾಷಣೆ ಬೇಕೇ? 2022ರ ‘ಕಾಂತಾರ’ದಲ್ಲಿ ಧಣಿಯ ಮುಂದೆ ಊರವರು ನಿಲ್ಲುವ ರೀತಿ ನೋಡಿ. ಕೂರುವುದಕ್ಕೂ ಭೂಮಿಗೂ ಎಂಥ ಸಂಬಂಧ ಎಂದು ಆಗ ಗೊತ್ತಾಗುತ್ತದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಕುರ್ಚಿಯ ವಿಷಯಕ್ಕೆ ಯುದ್ಧವೇ ನಡೆಯಿತು. ಹೊಸ ಮನೆಯಲ್ಲಿ ಹಳೇ ಪೀಠೋಪಕರಣ ಇಡಬಹುದೇ, ಇಟ್ಟರೆ ಹೇಗೆ ಇಡಬೇಕು ಎಂಬುದು ನೆಪ. ಒಳಗಿನ ಕಥೆ ಬೇರೆ.

ಘಾಟಿಯ ಬುಡದ ಊರು

ನಮ್ಮದು ಸಂಪಾಜೆ. ಸುಳ್ಯದಿಂದ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಅರಂತೋಡು, ಕಲ್ಲುಗುಂಡಿ ದಾಟಿ ಘಾಟಿ ಶುರುವಾಗುವ ಜಾಗ. ಸಂಪಾಜೆ ಒಂದಲ್ಲ, ಎರಡು. ಒಂದು ದಕ್ಷಿಣ ಕನ್ನಡದ್ದು, ಇನ್ನೊಂದು ಕೊಡಗಿನದ್ದು. ಪಯಸ್ವಿನಿ ಎರಡಕ್ಕೂ ಸೇರಿದವಳು. ನಾವು ದಕ್ಷಿಣ ಕನ್ನಡದ ಕಡೆಯವರು, ಮನೆಯಲ್ಲಿ ಮಾತಾಡುವುದು ಅರೆಭಾಷೆ, ಬದುಕು ಅಡಿಕೆ.

ಬದುಕು ಅಡಿಕೆ ಎಂದೆನಲ್ಲ, ಆ ಮಾತು ಈಗ ಅರ್ಧ ಸತ್ಯ. ಹಳದಿ ಎಲೆ ರೋಗ ನಮ್ಮ ಕಡೆಯ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಎಲೆ ಹಳದಿಯಾಗುತ್ತದೆ, ಫಸಲು ಇಳಿಯುತ್ತದೆ, ಮರ ನಿಂತಲ್ಲೇ ಸೊರಗುತ್ತದೆ. ನಂಬಬಹುದಾದ ಔಷಧಿ ಇಲ್ಲ. ಎಷ್ಟೋ ಜನ ಅಡಿಕೆ ಕಡಿದು ರಬ್ಬರ್ ಹಾಕಿದರು. ಸುಳ್ಯದ ಕಡೆಗೆ ರಬ್ಬರ್ ಹೊಸದಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳರಿಗೆ ಕೆಲಸ ಕೊಡಲೆಂದು ಸರಕಾರವೇ ಇಲ್ಲಿ ರಬ್ಬರ್ ತೋಟ ಎಬ್ಬಿಸಿತ್ತು.

ಅಣ್ಣ ಏಳು ವರ್ಷ ದುಬೈಯಲ್ಲಿ ದುಡಿದು ಬಂದವ. ಮಣ್ಣಿನ ಗೋಡೆಯ ಹಳೇ ಮನೆಯ ಪಕ್ಕದಲ್ಲೇ ಟೆರೇಸಿನ ಮನೆ ಕಟ್ಟಿಸಿದ. ನಮ್ಮಲ್ಲಿ ಹೊಸ ಮನೆ ಎಂದರೆ ಸಾಮಾನಿನ ಪಟ್ಟಿಯೂ ಮೊದಲೇ ತಯಾರಿರುತ್ತದೆ: ಎಲ್ ಆಕಾರದ ಸೋಫಾ, ಗಾಜಿನ ಟೀಪಾಯಿ, ಮೈಕಾ ಅಂಟಿಸಿದ ಟೀವಿ ಕಪಾಟು, ಆರು ಕುರ್ಚಿಯ ಊಟದ ಮೇಜು. ಊಟದ ಮೇಜು ರಬ್ಬರ್ ಮರದ್ದು! ಹಾಲು ಬತ್ತಿದ ರಬ್ಬರ್ ಮರ ಮೊದಲೆಲ್ಲ ಸೌದೆಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುತ್ತಿತ್ತು. ಕುಟ್ಟೆ ಹುಳಕ್ಕೂ ಬೂಷ್ಟಿಗೂ ಅದು ಬಹಳ ಬೇಗ ತುತ್ತಾಗುತ್ತದೆ. ಈಗ ಬೋರಾಕ್ಸ್ ದ್ರಾವಣವನ್ನು ಒತ್ತಡ ಹಾಕಿ ಒಳಗಿಳಿಸಿ, ಒಣಗಿಸಿ, ಚಂದದ ಮೇಜು ಮಾಡುತ್ತಾರೆ. ಅಡಿಕೆ ಹೋಗಿ ರಬ್ಬರ್ ಬಂದ ಊರಿನಲ್ಲಿ ರಬ್ಬರ್ ಮರದ ಮೇಲೆಯೇ ಊಟ. ಇದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಹಳೇ ಸಾಮಾನು? ಹಲಸಿನ ಮರದ ಪತ್ತಾಯ, ಅಜ್ಜಿಯ ಕಡೆಯಿಂದ ಬಂದ ಪೆಟ್ಟಿಗೆ, ಅವ್ವನ ಮದುವೆಯ ಗೋದ್ರೇಜ್ ಕಪಾಟು, ಪ್ಲಾಸ್ಟಿಕ್ ವಯರ್ ಹೆಣೆದ ಎರಡು ಕುರ್ಚಿ. ಮತ್ತು... ಆ ಆರಾಮ ಕುರ್ಚಿ.

ಯಾರೂ ಕೂರದ ಕುರ್ಚಿ

ಬೀಟಿ ಮರದ್ದು. ಬೆನ್ನಿಗೂ ಕೂರುವಲ್ಲಿಗೂ ಬೆತ್ತದ ಹೆಣಿಗೆ. ಕೈಯ ಕೆಳಗೆ ಅಡಗಿಸಿಟ್ಟ ಇನ್ನೊಂದು ಜೊತೆ ಉದ್ದದ ಪಟ್ಟಿ. ತಿರುಗಿಸಿ ಮುಂದಕ್ಕೆ ತಂದರೆ ಅದರ ಮೇಲೆ ಕಾಲು ಚಾಚಿ ಮಲಗಬಹುದು. ಕಾಫಿ ತೋಟದ ಬಂಗಲೆಗಳಲ್ಲಿ ಇಂಥವು ಇರುತ್ತಿದ್ದವು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವ ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ ಮೇಲೆ ಬಂಗಲೆಗಳು ಎದ್ದವು, ಬಂಗಲೆಗಳ ಜೊತೆ ಇಂಥ ಕುರ್ಚಿಗಳೂ ಬಂದವು.

ನಮ್ಮ ಕುರ್ಚಿ ನಮಗೆ ಬಂದದ್ದು ಧಣಿಯ ಮನೆಯಿಂದ. ಅಜ್ಜ ಆ ಮನೆಯ ಒಕ್ಕಲು. ಗೇಣಿ ಅಳೆಯಲು ಹೋದರೆ ಅಂಗಳದಲ್ಲಿ ನಿಲ್ಲಬೇಕು. ಧಣಿ ಜಗಲಿಯಲ್ಲಿ ಇದೇ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿರುತ್ತಿದ್ದರು. ಅಜ್ಜನ ಜೊತೆ ಹೋಗುತ್ತಿದ್ದ ಅಪ್ಪ ಸಣ್ಣ ಹುಡುಗ. ಅವರ ಕಣ್ಣಿಗೆ ಧಣಿಯ ಮುಖಕ್ಕಿಂತ ಮೊದಲು ಕಾಣುತ್ತಿದ್ದದ್ದು ಪಟ್ಟಿಯ ಮೇಲಿನ ಎರಡು ಪಾದ!

1974ರ ಮಾರ್ಚ್ 1ರಿಂದ ಕಾನೂನು ಬದಲಾಯಿತು. ದೇವರಾಜ ಅರಸು ಅವರ ಭೂಸುಧಾರಣೆ. ಉಳುವವನೇ ಒಡೆಯ. ನಮ್ಮ ಜಿಲ್ಲೆಯಲ್ಲಿ ಒಕ್ಕಲುಗಳು ಸಾಲುಗಟ್ಟಿ ‘ಡಿಕ್ಲರೇಶನ್’ ಹಾಕಿದರು. ಅಜ್ಜನೂ ಹಾಕಿದ, ಮಂಡಳಿಯ ತೀರ್ಮಾನ ಅಜ್ಜನ ಕಡೆ ಆಯಿತು. ಗೇಣಿ ನಿಂತ ಮೇಲೆ ಎಷ್ಟೋ ದೊಡ್ಡ ಮನೆಗಳು ಪಾಲಾದವು, ಪಾಲಾದ ಮನೆಗಳನ್ನು ನೋಡಿಕೊಳ್ಳುವವರಿಲ್ಲದೆ ಕಳಚಿ ಮಾರಿದರು. ಕಂಬ ಒಬ್ಬನಿಗೆ, ಬಾಗಿಲು ಒಬ್ಬನಿಗೆ, ಹೆಂಚು ಮತ್ತೊಬ್ಬನಿಗೆ. ನಮ್ಮ ಧಣಿಯ ಮನೆ ಕಳಚುವಾಗ ಅಜ್ಜ ಅಡಿಕೆ ಮಾರಿದ ದುಡ್ಡು ಹಿಡಿದುಕೊಂಡು ಹೋಗಿ ಕುರ್ಚಿ ಕೊಂಡು, ತಲೆಯ ಮೇಲೆ ಹೊತ್ತು ತಂದನಂತೆ. ಅಜ್ಜಿ ಬೈದಳಂತೆ, ಪಾತ್ರೆ ತರುವ ಬದಲು ಎಂಥದಿದು ಎಂದು.

ತಮಾಷೆ ಕೇಳಿ. ತಂದದ್ದೇನೋ ತಂದ, ಅಜ್ಜ ಅದರಲ್ಲಿ ಕೂರಲಿಲ್ಲ. ಅಪ್ಪನೂ ಕೂರಲಿಲ್ಲ. ಚಾವಡಿಯ ಮೂಲೆಯಲ್ಲಿ ಅದರ ಮೇಲೆ ಒಗೆದ ಬಟ್ಟೆ ರಾಶಿ ಬೀಳುತ್ತಿತ್ತು. ನಾನು ಮತ್ತು ಅಣ್ಣ ಅದರಲ್ಲಿ ಬಸ್ಸು ಓಡಿಸುವ ಆಟ ಆಡಿ ಬೆತ್ತ ಹರಿದೆವು. ಬೆತ್ತ ಹರಿದದ್ದಕ್ಕೆ ಅಪ್ಪ ಬೈಯಲೂ ಇಲ್ಲ.

ವ್ಯಾನಿನವರು

ಹೊಸ ಮನೆ ಎದ್ದದ್ದೇ ತಡ, ಹಳೇ ಸಾಮಾನು ಕೊಳ್ಳುವವರ ವ್ಯಾನು ಬಂದು ನಿಂತಿತು. ಇವರಿಗೆ ಹೇಗೆ ವಾಸನೆ ಸಿಗುತ್ತದೋ! ಕುರ್ಚಿ, ಪತ್ತಾಯ, ಪೆಟ್ಟಿಗೆ ಮೂರಕ್ಕೂ ಸೇರಿಸಿ ಎಂಟು ಸಾವಿರ ಎಂದರು. ಅಣ್ಣ ಕೊಟ್ಟೇಬಿಡುವವನಿದ್ದ. “ಬೆತ್ತ ಹರಿದದ್ದು, ಕೂರುವವರು ಯಾರೂ ಇಲ್ಲ, ಹೊಸ ಮನೆಗೆ ಮ್ಯಾಚ್ ಆಗುದಿಲ್ಲ. ಇಟ್ಟು ಎಂಥ ಮಾಡುದು?” ಎಂದ.

ಆಗ ನಾನು ಬಾಯಿ ಹಾಕಿದೆ. ಸಿನಿಮಾ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಕಂಡದ್ದನ್ನು ಹೇಳಿದೆ. ಅಲ್ಲಿನ ಕಾಫಿ ಅಂಗಡಿಯೊಂದರಲ್ಲಿ ನಮ್ಮ ಪತ್ತಾಯದಂಥದೇ ಪತ್ತಾಯಕ್ಕೆ ಗಾಜು ಹೊದಿಸಿ ಮೇಜು ಮಾಡಿದ್ದಾರೆ. ಮುಚ್ಚಿದ ಟಾಕೀಸಿನ ಮರದ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದಾರೆ. ನಾವು ಸೌದೆಯ ಬೆಲೆಗೆ ಕೊಟ್ಟದ್ದನ್ನು ಅವರು ಚಿನ್ನದ ಬೆಲೆಗೆ ಕೊಂಡು ‘ವಿಂಟೇಜ್’ ಎನ್ನುತ್ತಾರೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಚಂಡೀಗಢ ನಗರ ಕಟ್ಟುವಾಗ 1950ರ ದಶಕದಲ್ಲಿ ಪಿಯರ್ ಜಾನ್ನರೆ ಸರಕಾರಿ ಕಚೇರಿಗಳಿಗೆಂದು ಸಾಗುವಾನಿ ಮತ್ತು ಬೆತ್ತದ ಕುರ್ಚಿ ಮಾಡಿಸಿದರು. ಹಳತಾದ ಮೇಲೆ ಗುಜರಿಗೆ ಹೋದವು. ಆಮೇಲೆ ನೋಡಿದರೆ ಅವೇ ಕುರ್ಚಿಗಳು ಯುರೋಪು, ಅಮೆರಿಕಾಗಳ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತಿವೆ!

ಬೆಲೆ ಮೊದಲೇ ಗುರುತಿಸಿದವರೂ ನಮ್ಮಲ್ಲಿದ್ದರು. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನ ಕೆಲಸದಲ್ಲಿದ್ದವರು. ಕರಾವಳಿಯ ಹಳೇ ಮನೆಗಳು ಕಳಚಿ ಬೀಳುತ್ತಿದ್ದಾಗ ಅವುಗಳ ಕಂಬ, ಬಾಗಿಲು, ಕಿಟಕಿಗಳನ್ನು ಕೂಡಿಹಾಕಿ ‘ಹಸ್ತಶಿಲ್ಪ’ ಎಂಬ ತಮ್ಮ ಹೊಸ ಮನೆಯನ್ನೇ ಕಟ್ಟಿಕೊಂಡರು. ಅಲ್ಲಿಗೆ ನಿಲ್ಲಲಿಲ್ಲ. ಕುಕನೂರಿನ ಕಮಲ ಮಹಲು, ಮುಧೋಳದ ದರ್ಬಾರ್ ಹಾಲ್, ಹರ್ಕೂರಿನ ಮನೆ ಎಂದು ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಹೆರಿಟೇಜ್ ವಿಲೇಜ್ ಉಂಟು, ಹೋಗಿ ನೋಡಿ. ಆದರೆ ನಮ್ಮಂಥವರ ಮನೆ ಮ್ಯೂಸಿಯಂ ಅಲ್ಲವಲ್ಲ? ಅಲ್ಲಿ ಬಟ್ಟೆ ಒಣಗಬೇಕು, ಮಕ್ಕಳು ಕುಣಿಯಬೇಕು, ನೆಂಟರು ಬಂದರೆ ಕೂರಬೇಕು.

ಅತ್ತಿಗೆಯ ಹೆದರಿಕೆ ಇನ್ನೊಂದು. ‘ಆಪ್ತಮಿತ್ರ’ ಟೀವಿಯಲ್ಲಿ ಎಷ್ಟು ಸಲ ಬಂದಿದೆಯೋ ಅಷ್ಟು ಸಲ ನೋಡಿದವರು. “ಹಳೇ ಕುರ್ಚಿಯ ಜೊತೆ ನಾಗವಲ್ಲಿಯೂ ಬಂದ್ರೆ?” ಎಂದರು. “ಬಂದ್ರೆ ಒಳ್ಳೇದೇ ಅತ್ತಿಗೆ, ನನಗೊಂದು ಸಂದರ್ಶನ ಸಿಗ್ತದೆ” ಎಂದೆ.

ಆಚಾರಿಯ ಪಾಠ

ಕೊನೆಗೆ ಅಪ್ಪ, ವ್ಯಾನಿನವರನ್ನು ಇನ್ನೊಮ್ಮೆ ಬನ್ನಿ ಎಂದು ಕಳಿಸಿ, ಆಚಾರಿಗೆ ಹೇಳಿ ಕಳಿಸಿದರು. ಅರವತ್ತು ದಾಟಿದ ಮನುಷ್ಯ. ಕುರ್ಚಿಯನ್ನು ಮಗುಚಿ, ಅಡಿಭಾಗ ನೋಡಿದರು. “ಮೇಲಿಂದ ಪಾಲಿಶ್ ಸುಳ್ಳು ಹೇಳ್ತದೆ. ಅಡಿ ಸುಳ್ಳು ಹೇಳುದಿಲ್ಲ” ಎಂದರು. ಕಬ್ಬಿಣದ ಮೊಳೆ ಎಲ್ಲೂ ಇಲ್ಲ. ಕಚ್ಚು ಕೂಡಿಸಿ ಮರದ ಗೂಟ ಹೊಡೆದ ಕೆಲಸ. ಒಂದು ಕಾಲಿನ ಬಳಿ ಹಿಟ್ಟಿನಂಥ ಪುಡಿ ಇತ್ತು. ಕುಟ್ಟೆ. “ಇದಕ್ಕೆ ಮದ್ದು ಹಾಕದೆ ಹೊಸ ಮನೆಗೆ ತಂದ್ರೆ ನಿಮ್ಮ ರಬ್ಬರ್ ಮೇಜಿಗೂ ಗ್ರಹಚಾರ” ಎಂದರು.

ಆ ದಿನ ಅವರು ಹೇಳಿದ್ದನ್ನು ಗುರುತು ಹಾಕಿಕೊಂಡಿದ್ದೇನೆ. ನಿಮಗೂ ಉಪಯೋಗಕ್ಕೆ ಬರಬಹುದು.

ಒಂದು ಕೋಣೆಗೆ ಒಂದೇ ಹಳೇ ಸಾಮಾನು ಸಾಕು. ಒಂದೇ ಫ್ರೇಮಿನಲ್ಲಿ ಮೂವರು ನಾಯಕರನ್ನು ನಿಲ್ಲಿಸಿದರೆ ಯಾರ ಮುಖವೂ ನೆನಪಿರುವುದಿಲ್ಲ. ಪಟ್ಟಣದ ಒಳಾಂಗಣ ವಿನ್ಯಾಸಗಾರರದ್ದೂ ಇಂಥದೇ ಒಂದು ಕೈಲೆಕ್ಕ: ಹತ್ತರಲ್ಲಿ ಎಂಟು ಹೊಸದು, ಎರಡು ಹಳೆಯದು. ಹಳೆಯದಕ್ಕೆ ಕೆತ್ತನೆ ಇದ್ದರೆ ಪಕ್ಕದ ಹೊಸದು ಸಾದಾ ಇರಲಿ. ಎರಡೂ ಮೆರೆಯಲು ಹೊರಟರೆ ಜಾತ್ರೆ.

ಎಲ್ಲ ಮ್ಯಾಚ್ ಆಗಬೇಕಿಲ್ಲ, ಒಂದು ಮ್ಯಾಚ್ ಆದರೆ ಸಾಕು. ಮರದ ಬಣ್ಣವೋ, ದಿಂಬಿನ ಬಟ್ಟೆಯೋ, ಕಾಲಿನ ಆಕಾರವೋ. ನಮ್ಮ ಸೋಫಾ ಬೂದು ಬಣ್ಣದ್ದು. ಕಪ್ಪು ಬೀಟಿಗೆ ಅದು ಹೊಂದುತ್ತದೆ ಎಂದು ಆಚಾರಿಯೇ ಹೇಳಿದರು. ಬೆತ್ತಕ್ಕಂತೂ ಜಾತಿಭೇದವೇ ಇಲ್ಲ. ಉಕ್ಕಿನ ಜೊತೆಗೂ ಕೂಡುತ್ತದೆ. ಜರ್ಮನಿಯಲ್ಲಿದ್ದ ಮಾರ್ಸೆಲ್ ಬ್ರಾಯರ್ 1928ರಲ್ಲೇ ಬಾಗಿಸಿದ ಉಕ್ಕಿನ ಕೊಳವೆಗೆ ಬೆತ್ತದ ಹೆಣಿಗೆ ಕೂಡಿಸಿ ಕುರ್ಚಿ ಮಾಡಿದ್ದ. ಹೊಸದು, ಹಳೆಯದು ಒಂದೇ ಕುರ್ಚಿಯಲ್ಲಿ!

ಮೂರನೆಯದು, ಮಳೆ. ನಮ್ಮ ಘಾಟಿಯ ಬುಡದ ಮಳೆಗಾಲಕ್ಕೆ ಪಾರ್ಟಿಕಲ್ ಬೋರ್ಡು ನೀರು ಕುಡಿದು ಹಪ್ಪಳದ ಹಾಗೆ ಉಬ್ಬುತ್ತದೆ. ಅದು ಮರದ ಪುಡಿಗೆ ಅಂಟು ಹಾಕಿ ಒತ್ತಿದ್ದು ತಾನೇ? ಅದನ್ನು ನೆಲದ ಒದ್ದೆ ತಾಗದ ಕಡೆ ಇಡಿ. ಹಳೇ ಮರವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಇಡಿ, ಒರಲೆ ಬರುವುದು ಗೋಡೆಯ ಮೂಲಕ. ಪಾಲಿಶ್ ಹೆರೆದು ಕನ್ನಡಿಯ ಹಾಗೆ ಮಿಂಚಿಸಬೇಡಿ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ತೆಳ್ಳಗೆ ಎಳೆದರೆ ಸಾಕು.

ಕೊನೆಯದೇ ಮುಖ್ಯ. “ಇದಕ್ಕೆ ಕೆಲಸ ಕೊಡಿ. ಕೆಲಸ ಇಲ್ಲದ ಸಾಮಾನು, ಕೆಲಸ ಇಲ್ಲದ ಗಂಡಸು, ಎರಡೂ ಮನೆಗೆ ಭಾರ” ಎಂದು ನನ್ನ ಕಡೆ ನೋಡಿದರು. ಫ್ರೀಲ್ಯಾನ್ಸ್ ಪತ್ರಕರ್ತನನ್ನು ಊರಿನಲ್ಲಿ ನೋಡುವುದೇ ಹಾಗೆ. ಇರಲಿ!

ಪತ್ತಾಯಕ್ಕೆ ಕೆಲಸ ಸಿಕ್ಕಿತು. ಕಂಬಳಿ, ಹಾಸಿಗೆ ಅದರೊಳಗೆ, ಮೇಲೆ ಟೀವಿ. ಮೈಕಾದ ಟೀವಿ ಕಪಾಟಿನ ಖರ್ಚು ಅಣ್ಣನಿಗೆ ಉಳಿಯಿತು. ಪೆಟ್ಟಿಗೆ ಅತ್ತಿಗೆಯ ಕೋಣೆಗೆ ಹೋಯಿತು. ಕುರ್ಚಿಗೆ ಹೊಸ ಬೆತ್ತ ಬಂತು. ಒಂದೇ ತಕರಾರು ಉಳಿಯಿತು. ಆರಾಮ ಕುರ್ಚಿ ತಗ್ಗು, ಸೋಫಾ ಎತ್ತರ. ಕಾಲಿಗೆ ತುಂಡು ಕೂಡಿಸಿ ಮೂರು ಇಂಚು ಎತ್ತರಿಸಲೇ ಎಂದು ಆಚಾರಿ ಕೇಳಿದರು. ಅಪ್ಪ, “ಬೇಡ, ಅದು ಇದ್ದ ಹಾಗೆ ಇರಲಿ” ಎಂದರು.

ಮೊಮ್ಮಗ ಬಂದ

ಗೃಹಪ್ರವೇಶ ಕಳೆದು ತಿಂಗಳಾಗಿರಲಿಲ್ಲ. ಮನೆಯ ಮುಂದೆ ಬೆಂಗಳೂರು ನಂಬರಿನ ಕಾರು ನಿಂತಿತು. ಇಳಿದವನು ನನ್ನದೇ ವಯಸ್ಸಿನ ಹುಡುಗ. ಧಣಿಯ ಮೊಮ್ಮಗ! ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟು ಕೊಂಡಿದ್ದಾನೆ. ಅದರಲ್ಲಿ ಒಂದು ಮೂಲೆಯನ್ನು ಹಳೇ ಕಾಲದ ಹಾಗೆ ಮಾಡುವ ಆಸೆ. ಅಜ್ಜನ ಕುರ್ಚಿ ಇಲ್ಲಿ ಉಂಟು ಎಂದು ಯಾರೋ ಹೇಳಿದ್ದರು.

“ಗೌಡ್ರೇ, ನಲುವತ್ತು ಸಾವಿರ ಕೊಡ್ತೇನೆ” ಎಂದ.

ಎರಡು ಸಂಗತಿ ನನ್ನ ಕಿವಿಗೆ ಬಿದ್ದವು. ಒಂದು ನಲುವತ್ತು ಸಾವಿರ. ಇನ್ನೊಂದು ‘ಗೌಡ್ರೇ’. ನನ್ನ ಅಜ್ಜನನ್ನು ‘ಏ’ ಎಂದು ಕರೆಯುತ್ತಿದ್ದ ಮನೆಯ ಹುಡುಗ ನನ್ನ ಅಪ್ಪನನ್ನು ‘ಗೌಡ್ರೇ’ ಎಂದ.

ಅಣ್ಣ ನನ್ನ ಮುಖ ನೋಡಿದ. ಆ ವರ್ಷ ನಮ್ಮ ತೋಟದಲ್ಲಿ ಹಳದಿ ರೋಗ ಇನ್ನೂ ಎರಡು ಸಾಲು ದಾಟಿತ್ತು. ಸೋಫಾದ ಕಂತು ಬಾಕಿ ಇತ್ತು. ನಲುವತ್ತು ಸಾವಿರ ಸಣ್ಣ ದುಡ್ಡಲ್ಲ.

ಅಪ್ಪ ಮೊದಲು ಹೇಳಿದ್ದು, “ಕೂರಿ” ಎಂದು. ಹುಡುಗ ಸುತ್ತ ನೋಡಿದ. ಎಲ್ಲಿ ಕೂರುವುದೆಂದು ಗೊತ್ತಾಗಲಿಲ್ಲ. ಕುರ್ಚಿಯನ್ನೇ ನೋಡುತ್ತಿದ್ದ. “ಅದ್ರಲ್ಲಿ ಕೂರ್ಬಹುದಾ?” ಎಂದು ಕೇಳಿದ.

“ಕೂರ್ಲಿಕ್ಕೇ ಇಟ್ಟದ್ದು” ಎಂದರು ಅಪ್ಪ.

ಅವನು ಕೂತ. ಅಪ್ಪ ಎದುರಿನ ಸೋಫಾದಲ್ಲಿ ಕೂತರು. ಅತ್ತಿಗೆ ಇಬ್ಬರಿಗೂ ಒಂದೇ ನಮೂನೆಯ ಲೋಟದಲ್ಲಿ ಕಾಫಿ ಕೊಟ್ಟರು. ಮಾತಿನ ನಡುವೆ ಹುಡುಗ ಒಂದು ಹೊಸ ಸುದ್ದಿ ಹೇಳಿದ. ಆ ಕುರ್ಚಿ ಅವರ ಮನೆಯಲ್ಲಿ ಹುಟ್ಟಿದ್ದಲ್ಲ. ಕೊಡಗಿನಲ್ಲಿ ತೋಟ ಮಾರಿ ಊರಿಗೆ ಹೊರಟ ದೊರೆಯೊಬ್ಬನ ಬಂಗಲೆಯಿಂದ ಅವನ ಮುತ್ತಜ್ಜ ಕೊಂಡು ತಂದದ್ದು. ಆ ಬಂಗಲೆಗೆ ಹೋದರೆ ಮುತ್ತಜ್ಜನೂ ಹೊರಗೆ ನಿಂತೇ ಮಾತಾಡಬೇಕಾಗಿತ್ತಂತೆ!

ಅಪ್ಪ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಆಮೇಲೆ ಹೇಳಿದರು: “ನೋಡಿ, ನನ್ನ ಅಪ್ಪ ಇದನ್ನು ತಂದದ್ದು ಧಣಿ ಆಗ್ಲಿಕ್ಕೆ ಅಲ್ಲ. ಇದರ ಮುಂದೆ ಇನ್ನು ಯಾರೂ ನಿಲ್ಲುದು ಬೇಡ ಅಂತ. ನಿಮಗೆ ಕೊಡುದಿಲ್ಲ ಅಂತ ಬೇಜಾರು ಮಾಡ್ಬೇಡಿ. ಘಾಟಿ ಇಳಿದು ಬಂದಾಗೆಲ್ಲ ಬನ್ನಿ, ಕೂತು ಹೋಗಿ.”

ಹುಡುಗ ಬೇಜಾರು ಮಾಡಲಿಲ್ಲ. ಕುರ್ಚಿಯ ಫೋಟೋ ತೆಗೆದುಕೊಂಡ, ಅಳತೆ ಬರೆದುಕೊಂಡ, ಆಚಾರಿಯ ನಂಬರ್ ಕೇಳಿದ. ಅಂಥದೇ ಹೊಸದು ಮಾಡಿಸುತ್ತಾನಂತೆ. ಅಣ್ಣ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟ. ಮೂರನೆಯ ದಿನ ಭಾನುವಾರ, ಕ್ರಿಕೆಟ್ ಇತ್ತು. ಅಣ್ಣ ಬಂದು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ. ಸಂಜೆಯವರೆಗೂ ಏಳಲಿಲ್ಲ! ಈಗ ಅದಕ್ಕಾಗಿ ನನಗೂ ಅವನಿಗೂ ದಿನಾ ಜಗಳ. ಮೂರೂವರೆ ಲಕ್ಷ ಹಾಕಿ ಮನೆ ಒಳಗೆ ಮಾಡಿಸಿದ್ದೆಲ್ಲ ಖಾಲಿ, ಹಳೇ ಕುರ್ಚಿಗೆ ಕ್ಯೂ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಜರಿದಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲಿ ನಮ್ಮ ಕಡೆಗೆ ಇಳಿದು ಬಂದರು. ಯಾರೂ ಮಂಚ ಹೊತ್ತು ತರಲಿಲ್ಲ, ಸೋಫಾ ಹೊತ್ತು ತರಲಿಲ್ಲ. ಮನೆಯ ಸಾಮಾನು ಎಂದರೆ ಅಷ್ಟೇ ಎಂದು ನನಗೂ ಗೊತ್ತು. ಆದರೆ ಮನೆ ನಿಂತಿರುವ ತನಕ ಅದರೊಳಗೆ ಯಾರು ಎಲ್ಲಿ ಕೂರುತ್ತಾರೆ ಎಂಬುದು ಸಣ್ಣ ವಿಷಯ ಅಲ್ಲ.

ಅಪ್ಪ ಇವತ್ತಿಗೂ ಆ ಕುರ್ಚಿಯಲ್ಲಿ ಕೂತಿಲ್ಲ. ಕೇಳಿದರೆ, “ನನಗೆ ಸೋಫಾ ಆಗ್ತದೆ” ಎನ್ನುತ್ತಾರೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಬಿದ್ದಿರಬಹುದು. ವ್ಯಾನಿನವರು ಬಂದು ನಿಂತರೆ ಗಡಿಬಿಡಿ ಮಾಡಬೇಡಿ. ಮಗುಚಿ ಅಡಿಭಾಗ ನೋಡಿ. ಮನೆಯ ಹಿರಿಯರನ್ನು ಕರೆದು, ಇದರಲ್ಲಿ ಯಾರು ಕೂರುತ್ತಿದ್ದರು, ಯಾರು ನಿಂತಿರುತ್ತಿದ್ದರು ಎಂದು ಕೇಳಿ. ಅದನ್ನೆಲ್ಲ ಕೇಳಿದ ಮೇಲೂ ಮಾರಬೇಕೆನಿಸಿದರೆ ಮಾರಿ. ಎಂಟು ಸಾವಿರಕ್ಕೆ ಮಾತ್ರ ಕೊಡಬೇಡಿ ಮಾರಾಯರೇ!